ಕ್ಯಾಥೊಲಿಕ್ ಶಾಲೆಗಳ ಸುಧಾರಣೆ: ಆರ್‌ಟಿಇ ಸೀಟಿನ ಗಂಟು ಬಿಡಿಸುವ ಟಿಪ್ಪಣಿ

ಬಳ್ಳಾರಿಯಲ್ಲಿ ನನ್ನ ಜೊತೆ ಬಿ.ಎಡ್. ಓದುತ್ತಿರುವವರಿಗೆ, ಹಾಗೇ ರಾಯಚೂರು, ಕೊಪ್ಪಳ ಕಡೆ ಇದೇ ಪಾಠ ಹಿಡಿದು ಕೂತಿರುವ ಗೆಳೆಯರಿಗೆ ಇದನ್ನು ಬರೆಯುತ್ತಿದ್ದೇನೆ. ಕ್ಯಾಥೊಲಿಕ್ ಶಾಲೆಗಳ ಸುಧಾರಣೆ ಅಂದರೆ ಎರಡು ಎಳೆ. ಧರ್ಮಸಭೆ (ಕ್ಯಾಥೊಲಿಕ್ ಚರ್ಚ್) ತನ್ನ ಶಾಲೆಗಳನ್ನು ತಾನೇ ಬದಲಿಸಿಕೊಂಡದ್ದು ಒಂದು. ನಮ್ಮ ಸಂವಿಧಾನ, ಕೋರ್ಟು ಆ ಶಾಲೆಗಳಿಗೆ ಏನು ಹೇಳಿದವು ಅನ್ನೋದು ಇನ್ನೊಂದು. ಮೊದಲನೆಯದು ಬೇಗ ತಲೆಗೆ ಹೋಯಿತು. ಎರಡನೆಯದರಲ್ಲಿ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ, ಹತ್ತಿರ ಬಂದು ನಿಂತುಬಿಟ್ಟೆ. ಅದಕ್ಕೇ ಆ ಭಾಗ ಇಲ್ಲಿ ಜಾಸ್ತಿ ಉದ್ದ ಇದೆ.

ಯಾವ ಶಾಲೆ ಕ್ಯಾಥೊಲಿಕ್?

ನಮ್ಮ ಕಡೆ ಇಂಗ್ಲಿಷ್ ಮೀಡಿಯಂ ಶಾಲೆಗಳನ್ನೆಲ್ಲ ಕಾನ್ವೆಂಟ್ ಅಂತಲೇ ಕರೆಯುತ್ತಾರೆ. ಬೋರ್ಡಿನ ಮೇಲೆ ಸೇಂಟ್ ಅಂತ ಇದ್ದ ಮಾತ್ರಕ್ಕೆ ಅದು ಕ್ಯಾಥೊಲಿಕ್ ಶಾಲೆ ಆಗುವುದಿಲ್ಲ. ಧರ್ಮಸಭೆಯ 1983ರ ಕಾನೂನು ಸಂಹಿತೆಯ 803ನೇ ನಿಯಮದ ಪ್ರಕಾರ, ಧರ್ಮಸಭೆಯ ಅಧಿಕಾರಿಗಳ ಒಪ್ಪಿಗೆ ಇಲ್ಲದೆ ಯಾವ ಶಾಲೆಯೂ ಆ ಹೆಸರು ಹಾಕಿಕೊಳ್ಳುವಂತಿಲ್ಲ. ಬಳ್ಳಾರಿಯ ವಾರ್ಡ್ಲಾ ಶಾಲೆಯನ್ನೂ ಈ ಪಟ್ಟಿಗೆ ಸೇರಿಸಬೇಡಿ. ಅದು ಲಂಡನ್ ಮಿಷನರಿ ಸೊಸೈಟಿ ಕಟ್ಟಿದ್ದು, ಅಂದರೆ ಪ್ರೊಟೆಸ್ಟೆಂಟರದು. ಆ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲೇ ಇಲ್ಲಿಗೆ ಬಂದಿದ್ದರು. ಕ್ಯಾಥೊಲಿಕರ ಬಳ್ಳಾರಿ ಧರ್ಮಪ್ರಾಂತ್ಯ (ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ) ಆದದ್ದು 1949ರಲ್ಲಿ. ರಾಯಚೂರು, ಕೊಪ್ಪಳ ಕೂಡ ಅದರೊಳಗೇ ಬರುತ್ತವೆ.

ಹಳೆಯ ಕಥೆ

ಯೇಸು ಸಭೆಯವರು (ಜೆಸ್ವಿಟ್ ಪಾದ್ರಿಗಳು) 1548ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಶಾಲೆ ತೆರೆದರು. 1599ರಲ್ಲಿ ತಮ್ಮ ಎಲ್ಲ ಶಾಲೆಗಳಿಗೂ ಒಂದೇ ಪಾಠಕ್ರಮ ತಂದರು. ಅದರ ಹೆಸರು ರೇಷಿಯೋ ಸ್ಟುಡಿಯೋರಂ. ಯಾವ ತರಗತಿಯಲ್ಲಿ ಏನು ಕಲಿಸಬೇಕು, ಪರೀಕ್ಷೆ ಹೇಗೆ ನಡೆಸಬೇಕು ಎಂಬುದೆಲ್ಲ ಅದರಲ್ಲಿತ್ತು. ಅದು ಲ್ಯಾಟಿನ್ ಆಧಾರದ ಓದು. 17ನೇ ಶತಮಾನದ ಕೊನೆಗೆ ಫ್ರಾನ್ಸಿನಲ್ಲಿ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ ಬಡ ಮಕ್ಕಳಿಗೆ ಶಾಲೆ ತೆರೆದು, ಲ್ಯಾಟಿನ್ ಬಿಟ್ಟು ಮನೆಮಾತಲ್ಲೇ ಓದು ಶುರುಮಾಡಿಸಿದರು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನಗೆ ಇದು ಬಹಳ ದೊಡ್ಡ ಸುಧಾರಣೆ ಅನಿಸುತ್ತದೆ.

1965, ತಿರುವು

ಜಗತ್ತಿನ ಧರ್ಮಾಧ್ಯಕ್ಷರು (ಬಿಷಪ್‌ಗಳು) ಸೇರಿದ ದ್ವಿತೀಯ ವ್ಯಾಟಿಕನ್ ಮಹಾಸಭೆ ನಡೆದದ್ದು 1962ರಿಂದ 1965ರವರೆಗೆ. ಶಿಕ್ಷಣದ ಬಗ್ಗೆ ಅದು ಕೊಟ್ಟ ದಾಖಲೆ ಗ್ರಾವಿಸ್ಸಿಮುಂ ಎಡುಕಾಸಿಯೋನಿಸ್, 28 ಅಕ್ಟೋಬರ್ 1965. ಮಹಾಸಭೆಯ 16 ದಾಖಲೆಗಳಲ್ಲಿ 4 ಸಂವಿಧಾನಗಳು, 9 ಆದೇಶಗಳು, 3 ಘೋಷಣೆಗಳು. ಇದು ಘೋಷಣೆ. ದಿಕ್ಕು ತೋರಿಸಿ, ಉಳಿದ ಕೆಲಸವನ್ನು ಆಯಾ ದೇಶದ ಧರ್ಮಾಧ್ಯಕ್ಷರಿಗೆ ಬಿಟ್ಟಿತು. ಹಾಗಾಗಿ ಬದಲಾವಣೆ ಒಂದೊಂದು ಕಡೆ ಒಂದೊಂದು ವೇಗದಲ್ಲಿ ಬಂತು. ಇದರ 9ನೇ ಭಾಗ ನೆನಪಿಡಿ: ಬಡವರು, ಮನೆಯ ಆಸರೆ ಇಲ್ಲದವರು, ಕ್ರೈಸ್ತ ವಿಶ್ವಾಸ ಇಲ್ಲದವರು, ಇವರ ಕಡೆ ವಿಶೇಷ ಗಮನ ಕೊಡಿ ಎನ್ನುತ್ತದೆ. ಕೆಳಗೆ ಮತ್ತೆ ಬೇಕಾಗುತ್ತದೆ.

ಆರ್‌ಟಿಇ ಸೀಟು: ಇಲ್ಲಿ ನಿಧಾನವಾಗಿ ಓದಿ

ಸಂವಿಧಾನದ 30(1)ನೇ ವಿಧಿ: ಧರ್ಮ ಇಲ್ಲವೇ ಭಾಷೆಯ ಆಧಾರದ ಎಲ್ಲ ಅಲ್ಪಸಂಖ್ಯಾತರಿಗೂ ತಮಗೆ ಬೇಕಾದ ಶಿಕ್ಷಣ ಸಂಸ್ಥೆ ಕಟ್ಟುವ, ನಡೆಸುವ ಹಕ್ಕಿದೆ. ಯಾರು ಅಲ್ಪಸಂಖ್ಯಾತರು ಅನ್ನೋದನ್ನು ರಾಜ್ಯವಾರು ನೋಡಬೇಕು ಅಂತ 2002ರ ಟಿ.ಎಂ.ಎ. ಪೈ ತೀರ್ಪು ಹೇಳಿತು. 2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ಶೇ. 1.87. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು.

ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಗೆ ಬಂದದ್ದು 1 ಏಪ್ರಿಲ್ 2010. ಅದರ 12(1)(ಸಿ) ಪ್ರಕಾರ ಅನುದಾನ ಪಡೆಯದ ಖಾಸಗಿ ಶಾಲೆ ಒಂದನೇ ತರಗತಿಯ ಸೀಟುಗಳಲ್ಲಿ ಕನಿಷ್ಠ ಶೇ. 25ನ್ನು ಸುತ್ತಮುತ್ತಲಿನ ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕು. ಅನುದಾನಿತ ಶಾಲೆಗೆ ಬೇರೆ ಉಪವಿಧಿ ಇದೆ, 12(1)(ಬಿ). ಅದರಲ್ಲಿ ಉಚಿತ ಸೀಟು ಅನುದಾನದ ಪ್ರಮಾಣಕ್ಕೆ ತಕ್ಕಂತೆ, ಆದರೆ ಶೇ. 25ಕ್ಕಿಂತ ಕಡಿಮೆ ಇಲ್ಲ. ಬಿ ಮತ್ತು ಸಿ ಬೇರೆ ಬೇರೆ ಅನ್ನೋದು ಗಟ್ಟಿಯಾಗದೆ ಮುಂದಿನದು ಅರ್ಥವಾಗುವುದಿಲ್ಲ.

ಈಗ ಸುಪ್ರೀಂ ಕೋರ್ಟಿನ ತೀರ್ಪುಗಳು. ನಾನು ಕಂಡುಕೊಂಡ ಸುಲಭ ದಾರಿ: ವರ್ಷದ ಪಕ್ಕದಲ್ಲಿ ಪೀಠದಲ್ಲಿದ್ದ ನ್ಯಾಯಮೂರ್ತಿಗಳ ಸಂಖ್ಯೆ ಬರೆಯಿರಿ. 2012ರಲ್ಲಿ 3, 2014ರಲ್ಲಿ 5, 2025ರಲ್ಲಿ 2.

2012, ರಾಜಸ್ಥಾನದ ಖಾಸಗಿ ಶಾಲೆಗಳ ಪ್ರಕರಣ. ಮೂವರ ಪೀಠ, ಬಹುಮತದ ತೀರ್ಪು. ಅನುದಾನ ಪಡೆಯದ ಅಲ್ಪಸಂಖ್ಯಾತ ಶಾಲೆಗೆ ಆರ್‌ಟಿಇ ಇಲ್ಲ. ಅನುದಾನ ಪಡೆಯುವ ಅಲ್ಪಸಂಖ್ಯಾತ ಶಾಲೆಗೆ ಇದೆ.

2014, ಪ್ರಮತಿ ಟ್ರಸ್ಟ್ ಪ್ರಕರಣ, 6 ಮೇ. ಐವರ ಪೀಠ. ಅನುದಾನ ಇದ್ದರೂ ಇಲ್ಲದಿದ್ದರೂ ಅಲ್ಪಸಂಖ್ಯಾತ ಶಾಲೆಗೆ ಆರ್‌ಟಿಇ ಅನ್ವಯಿಸುವುದಿಲ್ಲ. ಅನ್ವಯಿಸಿದರೆ 30(1)ರ ಹಕ್ಕಿಗೆ ಅರ್ಥವೇ ಉಳಿಯುವುದಿಲ್ಲ ಎಂಬುದು ಕಾರಣ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಿರುಗುಪ್ಪದಲ್ಲಿ ಸಿಸ್ಟರ್‌ಗಳು ನಡೆಸುವ ಒಂದು ಶಾಲೆ ಇದೆ, ಸರ್ಕಾರದಿಂದ ಶಿಕ್ಷಕರ ಸಂಬಳ ಬರುತ್ತದೆ ಅಂದುಕೊಳ್ಳಿ. 2013ರಲ್ಲಿ ಪ್ರಶ್ನೆ ಬಂದಿದ್ದರೆ ಉತ್ತರ: ಅನುದಾನಿತ, ಆದ್ದರಿಂದ ಆರ್‌ಟಿಇ ಇದೆ. 2015ರಲ್ಲಿ ಅದೇ ಶಾಲೆ, ಅದೇ ಅನುದಾನ, ಉತ್ತರ: ಇಲ್ಲ. ಶಾಲೆ ಬದಲಾಗಲಿಲ್ಲ, ತೀರ್ಪು ಬದಲಾಯಿತು. ಈ ಶಾಲೆಗೆ ಸಂಬಳದ ಅನುದಾನ ಇಲ್ಲ ಅಂದುಕೊಂಡರೆ ಎರಡೂ ವರ್ಷ ಉತ್ತರ 'ಇಲ್ಲ'. ಹಾಗಾಗಿ ಪ್ರಶ್ನೆ ಬಂದಾಗ ಕ್ರಮವಾಗಿ ಮೂರು ಕೇಳಿಕೊಳ್ಳಿ: ಅಲ್ಪಸಂಖ್ಯಾತ ಸಂಸ್ಥೆಯೇ? ಅನುದಾನಿತವೇ? ಯಾವ ವರ್ಷ? ಎರಡನೆಯ ಪ್ರಶ್ನೆ ನಿಜವಾಗಿ ಬೇಕಾಗುವುದು 2012 ಮತ್ತು 2014ರ ತೀರ್ಪುಗಳ ನಡುವಿನ ಕಾಲಕ್ಕೆ ಮಾತ್ರ.

2014ರ ತೀರ್ಪು ಶೇ. 25 ಸೀಟನ್ನು ಮಾತ್ರ ಕೈಬಿಟ್ಟಿತು ಅಂತ ಬರೆದರೆ ಅಂಕ ಹೋಗುತ್ತದೆ. ಇಡೀ ಕಾಯ್ದೆಯೇ ಅನ್ವಯಿಸುವುದಿಲ್ಲ ಅಂದಿದೆ. ಶಿಕ್ಷಕರ ಅರ್ಹತೆ ಹೇಳುವ 23ನೇ ಸೆಕ್ಷನ್ ಕೂಡ ಅದರಲ್ಲಿ ಬಂತು. ಅದಕ್ಕೇ 1 ಸೆಪ್ಟೆಂಬರ್ 2025ರಂದು ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪ್ರಕರಣದಲ್ಲಿ ಈ ವಿಷಯ ಮತ್ತೆ ಎದ್ದಿತು. ಇಬ್ಬರ ಪೀಠ ಪ್ರಮತಿ ತೀರ್ಪಿನ ಬಗ್ಗೆ ಅನುಮಾನ ಹೇಳಿತು, ದೊಡ್ಡ ಪೀಠ ನೋಡಲಿ ಅಂತ ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ರದ್ದು ಮಾಡಲಿಲ್ಲ. ಐವರು ಹೇಳಿದ್ದನ್ನು ಇಬ್ಬರು ತೆಗೆದುಹಾಕಲು ಬರುವುದಿಲ್ಲ ಅಲ್ವಾ? ಸಂಖ್ಯೆ ಬರೆದಿಟ್ಟುಕೊಳ್ಳಿ ಅಂದದ್ದು ಇದಕ್ಕೇ.

ಹಾಗಂತ ಈ ಶಾಲೆಗಳು ಏನು ಬೇಕಾದರೂ ಮಾಡಬಹುದು ಅಂತಲ್ಲ. ನಡೆಸುವ ಹಕ್ಕಿನಲ್ಲಿ ಕೆಟ್ಟದಾಗಿ ನಡೆಸುವ ಹಕ್ಕು ಸೇರಿಲ್ಲ ಅಂತ ಸುಪ್ರೀಂ ಕೋರ್ಟು 1958ರಲ್ಲೇ ಕೇರಳ ಶಿಕ್ಷಣ ಮಸೂದೆಯ ವಿಷಯದಲ್ಲಿ ಹೇಳಿದೆ. ಅನುದಾನ ಪಡೆದರೆ ಸಂವಿಧಾನದ 29(2) ಇದೆ: ಧರ್ಮ, ಜಾತಿ, ಭಾಷೆಯ ಕಾರಣಕ್ಕೇ ಪ್ರವೇಶ ನಿರಾಕರಿಸುವಂತಿಲ್ಲ. ಮಾನ್ಯತೆ ಇಲ್ಲವೇ ಅನುದಾನ ಪಡೆದ ಶಾಲೆಯಲ್ಲಿ 28(3)ರ ಪ್ರಕಾರ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಬೋಧನೆಗೆ ಕೂರಿಸುವಂತಿಲ್ಲ.

ಕಾನೂನು ಬಿಟ್ಟದ್ದನ್ನು ದಾಖಲೆ ಬಿಡುವುದಿಲ್ಲ

ಎರಡು ಎಳೆ ಸೇರುವುದು ಇಲ್ಲಿ. ಶೇ. 25 ಸೀಟು ಕೊಡಲೇಬೇಕು ಅಂತ ಕಾನೂನು ಈ ಶಾಲೆಗಳಿಗೆ ಹೇಳುವುದಿಲ್ಲ. ಆದರೆ ಧರ್ಮಸಭೆಯ ಸ್ವಂತ ಬರಹ ಹೇಳುತ್ತದೆ. 1965ರ 9ನೇ ಭಾಗ ನೋಡಿದೆವು. 1977ರಲ್ಲಿ ಕ್ಯಾಥೊಲಿಕ್ ಶಾಲೆಯ ಬಗ್ಗೆ ರೋಮ್ ಹೊರಡಿಸಿದ ದಾಖಲೆ, ಕೆಲವು ದೇಶಗಳಲ್ಲಿ ತಮ್ಮ ಶಾಲೆಗಳು ಹೆಚ್ಚಾಗಿ ಅನುಕೂಲಸ್ಥರ ಮಕ್ಕಳಿಗೇ ಆಗಿವೆ ಎಂದು ಒಪ್ಪಿಕೊಂಡು, ಬಡವರೇ ಮೊದಲು ಎಂದಿತು. 1973ರಲ್ಲಿ ಯೇಸು ಸಭೆಯ ಮುಖ್ಯಸ್ಥ ಪೆದ್ರೋ ಅರೂಪೆ ಸ್ಪೇನಿನ ವಲೆನ್ಸಿಯಾದಲ್ಲಿ ಹಳೆಯ ವಿದ್ಯಾರ್ಥಿಗಳ ಎದುರೇ, ನ್ಯಾಯಕ್ಕಾಗಿ ಬದುಕುವಂತೆ ನಾವು ನಿಮ್ಮನ್ನು ಬೆಳೆಸಿದೆವಾ ಎಂದು ಕೇಳಿ, ಇಲ್ಲ ಎಂದು ತಾವೇ ಉತ್ತರ ಕೊಟ್ಟರು. ಸಭಿಕರಲ್ಲಿ ಕೆಲವರಿಗೆ ಅದು ಹಿಡಿಸಲಿಲ್ಲ. ಭಾರತದ ಧರ್ಮಾಧ್ಯಕ್ಷರು 2007ರಲ್ಲಿ ಅಖಿಲ ಭಾರತ ಕ್ಯಾಥೊಲಿಕ್ ಶಿಕ್ಷಣ ನೀತಿ ತಂದರು. ಅದೂ ಅಂಚಿನಲ್ಲಿರುವವರಿಗೆ ಆದ್ಯತೆ ಕೊಡುತ್ತದೆ.

ಈ ದಿಕ್ಕಿನ ಕೆಲಸ ನೋಡಬೇಕೆಂದರೆ ರಾಯಚೂರು ಜಿಲ್ಲೆಯ ಮಾನ್ವಿ ಇದೆ. ಅಲ್ಲಿ ಯೇಸು ಸಭೆಯವರು ಲೊಯೊಲಾ ಹೆಸರಿನಲ್ಲಿ ಶಾಲೆ, ಕಾಲೇಜು ನಡೆಸುತ್ತಿದ್ದಾರೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಹೋಗುವ ತಾಯಿಯ ಮಗುವಿಗೆ ಸೀಟು ಸಿಗುತ್ತದೆಯೇ ಎಂಬುದರಿಂದಲೇ ನಮ್ಮ ಮೂರು ಜಿಲ್ಲೆಗಳಲ್ಲಿ ಈ ಸುಧಾರಣೆಯನ್ನು ಅಳೆಯಬೇಕು. ತೀರ್ಪಿನ ರಕ್ಷಣೆ ಇರುವ ಶಾಲೆ ಆ ಪ್ರಶ್ನೆಗೆ ಇನ್ನೂ ಜಾಸ್ತಿ ಉತ್ತರ ಕೊಡಬೇಕು.

ಕಾಲೇಜು

ಇದು ಚಿಕ್ಕದು. 1990ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳ ಬಗ್ಗೆ ಎಕ್ಸ್ ಕೋರ್ದೆ ಎಕ್ಲೇಸಿಯೇ ಹೊರಡಿಸಿದರು. ಸಂಶೋಧನೆಯ ಸ್ವಾತಂತ್ರ್ಯ ಮತ್ತು ಧರ್ಮಸಭೆಯ ಗುರುತು, ಎರಡನ್ನೂ ಹೇಗೆ ಉಳಿಸಿಕೊಳ್ಳೋದು ಎಂಬುದು ಅದರ ಪ್ರಶ್ನೆ. ಕರ್ನಾಟಕದಲ್ಲಿ ಈಚಿನ ಬದಲಾವಣೆ ಸ್ವಾಯತ್ತತೆಯ ಕಡೆಗೆ: 1882ರ ಬೆಂಗಳೂರಿನ ಸೇಂಟ್ ಜೋಸೆಫ್ಸ್ 2022ರಲ್ಲಿ ವಿಶ್ವವಿದ್ಯಾಲಯವಾಯಿತು. 1880ರ ಮಂಗಳೂರಿನ ಸೇಂಟ್ ಅಲೋಶಿಯಸ್ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು.

ಕಾಲೇಜಿನ ಪ್ರಶ್ನೆಗೆ ಸುಮ್ನೆ ಆರ್‌ಟಿಇ ಎಳೆದು ತರಬೇಡಿ. ಅದು 6ರಿಂದ 14 ವರ್ಷದ ಮಕ್ಕಳ ಕಾಯ್ದೆ. ಅಲ್ಲಿ ನೋಡಬೇಕಾದ್ದು ಸಂವಿಧಾನದ 15(5). 93ನೇ ತಿದ್ದುಪಡಿಯಿಂದ ಬಂದ ಇದು ಖಾಸಗಿ ಕಾಲೇಜುಗಳಲ್ಲೂ ಪ್ರವೇಶ ಮೀಸಲಾತಿಗೆ ಕಾನೂನು ಮಾಡಲು ಸರ್ಕಾರಕ್ಕೆ ಅವಕಾಶ ಕೊಡುತ್ತದೆ, 30(1)ರ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಮಾತ್ರ ಹೊರಗಿಡುತ್ತದೆ. ಪ್ರಮತಿ ಪ್ರಕರಣದ ಐವರೂ ಇದನ್ನು ಎತ್ತಿಹಿಡಿದರು.