ಬಾಗಿಸಿದ ಮಾತ್ರಕ್ಕೆ ಟಿವಿ ಕೆಳಗೆ ಇಳಿಯುವುದಿಲ್ಲ

ಕಳೆದ ತಿಂಗಳು ಒಂದೇ ವಾರದಲ್ಲಿ ಮೂರು ಮನೆಗಳಲ್ಲಿ ಒಂದೇ ಮಾತು ಕೇಳಿದೆ. ಮೂರರಲ್ಲೂ ನೋಟ ಒಂದೇ: ಗೋಡೆಯ ನಟ್ಟನಡುವೆ ಫೈರ್‌ಪ್ಲೇಸ್ (ಚಳಿಗೆ ಬೆಂಕಿ ಹಚ್ಚುವ ಅಗ್ಗಿಷ್ಟಿಕೆ), ಅದರ ಮೇಲೆ ಖಾಲಿ ಗೋಡೆ, ನೆಲದ ಮೇಲೆ ಇನ್ನೂ ಬಿಚ್ಚದ ದೊಡ್ಡ ಟಿವಿಯ ಪೆಟ್ಟಿಗೆ. ನಾನು ಅಳತೆಯ ಟೇಪು ಹಿಡಿದು ನೋಡಿ, "ಇಲ್ಲಿ ಹಾಕಿದರೆ ಬಹಳ ಎತ್ತರವಾಗುತ್ತದೆ" ಎಂದೆ. "ಅದಕ್ಕೇನಂತೆ ಮೇಡಂ, ಬಾಗುವ ಬ್ರಾಕೆಟ್ ತರಿಸಿದ್ದೇವೆ. ಸ್ವಲ್ಪ ಕೆಳಮುಖ ಮಾಡಿದರೆ ಆಯಿತಲ್ಲ?" ಎಂದರು ಮೂವರೂ.

ಆಗುವುದಿಲ್ಲ. ಏಕೆ ಆಗುವುದಿಲ್ಲ ಎಂದು ಒಮ್ಮೆ ಪೂರ್ತಿಯಾಗಿ ಬರೆದುಬಿಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನ್ಯೂಜೆರ್ಸಿಯ ಎಡಿಸನ್ ಸುತ್ತಮುತ್ತಲಿನ ಮನೆಗಳಿಗೆ ಒಳಾಂಗಣ ವಿನ್ಯಾಸ ಮಾಡುವುದು ನನ್ನ ವೃತ್ತಿ. ಹದಿನೇಳು ವರ್ಷವಾಯಿತು. ಬಂದವರಲ್ಲಿ ಅರ್ಧದಷ್ಟು ಮಂದಿ ನಮ್ಮ ಕನ್ನಡದ ಕುಟುಂಬಗಳವರೇ. ಬಣ್ಣ, ಪರದೆ, ಸೋಫಾ ಅವರವರ ರುಚಿಗೆ ಬಿಟ್ಟದ್ದು. ಅದರಲ್ಲಿ ನಾನು ಹೆಚ್ಚು ವಾದಿಸುವುದಿಲ್ಲ. ಟಿವಿಯ ಎತ್ತರದ ಮಾತು ಬಂದರೆ ಮಾತ್ರ ಪಟ್ಟು ಹಿಡಿದು ನಿಲ್ಲುತ್ತೇನೆ, ಏಕೆಂದರೆ ಅದರ ನೋವು ಉಣ್ಣುವವರು ಆ ತೀರ್ಮಾನ ತೆಗೆದುಕೊಂಡವರಲ್ಲ, ಮನೆಯಲ್ಲಿ ಹಗಲಿಡೀ ಕುಳಿತಿರುವ ಹಿರಿಯರು.

ಊರಿನ ಹಳೆಯ ಮನೆಗಳ ನಡುಮನೆಯನ್ನು ನೆನಪು ಮಾಡಿಕೊಳ್ಳಿ. ತೊಲೆಯ ಹತ್ತಿರ, ಬಾಗಿಲಿಗಿಂತ ಎತ್ತರದಲ್ಲಿ, ದೇವರ ಪಟಗಳು, ಅಜ್ಜ ಅಜ್ಜಿಯ ಫೋಟೋಗಳು. ಒಂದೊಂದನ್ನೂ ದಾರ ಕಟ್ಟಿ ಮುಂದಕ್ಕೆ ಬಾಗಿಸಿ ತೂಗುಹಾಕಿರುತ್ತಿದ್ದರು. ಹಾಗೆ ಬಾಗಿಸಿದ್ದರಿಂದ ಗಾಜಿನ ಮೇಲೆ ಕಿಟಕಿಯ ಬೆಳಕು ಹೊಳೆಯದೆ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ನೋಡಬೇಕಾದರೆ ಕತ್ತು ಎತ್ತಲೇಬೇಕಿತ್ತು. ಸ್ನಾನ ಮಾಡಿ ಬಂದು, ಕೈಮುಗಿದು, ಒಂದು ಗಳಿಗೆ ನೋಡುವ ಪಟಕ್ಕೆ ಆ ಎತ್ತರ ಸರಿ. ಅದೇ ಪಟವನ್ನು ದಿನಕ್ಕೆ ಮೂರು ಗಂಟೆ ನೋಡಿ ಎಂದಿದ್ದರೆ ನಮ್ಮ ಅಜ್ಜಿ ಅದನ್ನು ಎಂದೋ ಕೆಳಗೆ ಇಳಿಸುತ್ತಿದ್ದರು.

ಬಾಗುವ ಬ್ರಾಕೆಟ್ ಮಾಡುವ ಕೆಲಸ ಆ ದಾರ ಮಾಡಿದ್ದೇ, ಅದಕ್ಕಿಂತ ಹೆಚ್ಚೇನಲ್ಲ. ಎಲ್‌ಇಡಿ ಪರದೆಗಳಲ್ಲಿ ಅನೇಕವನ್ನು ತೀರ ಕೆಳಗಿನಿಂದ ನೋಡಿದರೆ ಬಣ್ಣ ಮಂಕಾಗುತ್ತದೆ, ಕಪ್ಪು ಬೂದು ಬಣ್ಣವಾಗುತ್ತದೆ. ಬಾಗಿಸಿದರೆ ಅದು ಸರಿಹೋಗುತ್ತದೆ. ದೀಪದ ಪ್ರತಿಫಲನವೂ ಕಡಿಮೆಯಾಗಬಹುದು. ಅಂದರೆ ಚಿತ್ರ ಚೆನ್ನಾಗುತ್ತದೆ. ಪರದೆಯ ನಡುಬಿಂದು ಮಾತ್ರ ಗೋಡೆಯ ಮೇಲೆ ಎಲ್ಲಿತ್ತೋ ಅಲ್ಲೇ ಇರುತ್ತದೆ. ಟಿವಿ ನಿಮ್ಮ ಕಡೆ ಮುಖ ಮಾಡಿತು, ನಿಮ್ಮ ಹತ್ತಿರಕ್ಕೆ ಇಳಿದು ಬರಲಿಲ್ಲ. ಇದನ್ನು ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ. ಎರಡು ನಿಮಿಷ ಬಿಟ್ಟು, "ಹಾಗಾದರೆ ಇನ್ನೂ ಜಾಸ್ತಿ ಬಾಗುವ ಬ್ರಾಕೆಟ್ ಇದೆಯೇ?" ಎಂದು ಕೇಳುತ್ತಾರೆ. ಹತ್ತು ಡಿಗ್ರಿ ಬಾಗಿಸಿ, ಇಪ್ಪತ್ತು ಬಾಗಿಸಿ, ನಿಮ್ಮ ಕಣ್ಣು ಹೋಗಬೇಕಾದ ಎತ್ತರ ಅಷ್ಟೇ.

ಲೆಕ್ಕ ಹಾಕೋಣ. ಸೋಫಾದ ಮೇಲೆ ಕುಳಿತ ವಯಸ್ಕರ ಕಣ್ಣು ನೆಲದಿಂದ ಸುಮಾರು 42 ಇಂಚು ಎತ್ತರದಲ್ಲಿರುತ್ತದೆ. ಇಲ್ಲಿನ ಮನೆಗಳಲ್ಲಿ ಅಗ್ಗಿಷ್ಟಿಕೆಯ ಬಾಯಿಯ ಮೇಲಿನ ಹಲಗೆ, ಎಲ್ಲರೂ ಮ್ಯಾಂಟಲ್ ಎನ್ನುವುದು, ಸಾಮಾನ್ಯವಾಗಿ 54 ಇಂಚಿನ ಆಸುಪಾಸಿನಲ್ಲಿ ಇರುತ್ತದೆ. ಅದರ ಮೇಲೆ 6 ಇಂಚು ಬಿಟ್ಟರೆ ಟಿವಿಯ ಕೆಳ ಅಂಚು 60 ಇಂಚಿಗೆ ಬಂತು. 65 ಇಂಚಿನ ಟಿವಿ ಎಂದರೆ 65 ಎನ್ನುವುದು ಮೂಲೆಯಿಂದ ಮೂಲೆಗೆ. ಅದರ ಎತ್ತರ ಸುಮಾರು 32 ಇಂಚು. ಹಾಗಾಗಿ ನಡುಬಿಂದು 76 ಇಂಚಿನಲ್ಲಿ, ಕಣ್ಣಿಗಿಂತ 34 ಇಂಚು ಮೇಲೆ. ಹತ್ತು ಅಡಿ ದೂರದಿಂದ ಸುಮಾರು 16 ಡಿಗ್ರಿ ಮೇಲಕ್ಕೆ ನೋಡಬೇಕು, ಮೇಲಿನ ಅಂಚಿಗಂತೂ 23 ಡಿಗ್ರಿಯಷ್ಟು. ನಾನು ನಡುಬಿಂದುವಿಗೆ 15 ಡಿಗ್ರಿಯನ್ನು ದಾಟಬಾರದ ಗೆರೆ ಎಂದು ಹಿಡಿಯುತ್ತೇನೆ; ಅದಕ್ಕಿಂತ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. 75 ಇಂಚಿನದಾದರೆ ಮೇಲಿನ ಅಂಚು 97 ಇಂಚಿಗೆ ಹೋಗುತ್ತದೆ. ಎಂಟು ಅಡಿಯ ಚಾವಣಿ ಎಂದರೆ 96 ಇಂಚು. ಪೆಟ್ಟಿಗೆ ಮನೆಗೆ ತಂದ ಮೇಲೆ ಇದು ತಿಳಿದ ಕುಟುಂಬಗಳನ್ನು ನೋಡಿದ್ದೇನೆ.

ನಾನು ವೈದ್ಯಳಲ್ಲ, ಕುತ್ತಿಗೆ ನೋವಿಗೆ ನೂರು ಕಾರಣಗಳಿರುತ್ತವೆ, ಎಲ್ಲಕ್ಕೂ ಟಿವಿಯನ್ನು ದೂರಲಾರೆ. ಆದರೆ ನೀವೇ ಗಮನಿಸಿ. ನಮ್ಮ ಕಣ್ಣು ಸ್ವಾಭಾವಿಕವಾಗಿ ನೇರಕ್ಕೆ, ಇಲ್ಲವೇ ತುಸು ಕೆಳಕ್ಕೆ ನೋಡಲು ಒಗ್ಗಿದೆ. ಮೇಲೆ ನೋಡಬೇಕೆಂದರೆ ಮೊದಲು ಕಣ್ಣುಗುಡ್ಡೆ ಏರುತ್ತದೆ, ಸ್ವಲ್ಪ ಹೊತ್ತಿಗೆ ಅದು ದಣಿದು ಗದ್ದವನ್ನು ಎತ್ತುತ್ತೇವೆ. ಅಂಗಡಿಯಲ್ಲಿ ಐದು ನಿಮಿಷ ನಿಂತು ನೋಡಿದಾಗ ಇದು ತಿಳಿಯುವುದೇ ಇಲ್ಲ.

ಹಾಸನದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಮಗನ ಮನೆಗೆ ಆರು ತಿಂಗಳಿಗೆಂದು ಬಂದಿದ್ದರು. ಅಡುಗೆಮನೆಯ ಕಪಾಟುಗಳ ಅಳತೆಗೆ ಹೋಗಿದ್ದವಳು ನಾನು. ಒಳಗೆ ಕಾಲಿಟ್ಟಾಗ ಕಂಡದ್ದು, ಅವರು ಅಷ್ಟು ದೊಡ್ಡ ಚರ್ಮದ ಸೋಫಾ ಬಿಟ್ಟು, ಊಟದ ಮೇಜಿನ ಕುರ್ಚಿಯೊಂದನ್ನು ಹಾಲ್‌ನ ಹಿಂದಿನ ಗೋಡೆಗೆ ಎಳೆದುಕೊಂಡು ಕ್ರಿಕೆಟ್ ನೋಡುತ್ತಿದ್ದುದು. ಮರದ ನೆಲದ ಮೇಲೆ ಕುರ್ಚಿ ದಿನಾ ಎಳೆದ ನಾಲ್ಕು ಗೀರುಗಳು ಅಲ್ಲಿಂದ ಅಲ್ಲಿಗೆ ಬಿದ್ದಿದ್ದವು. "ಯಾಕೆ ಸರ್ ಅಷ್ಟು ದೂರ?" ಎಂದೆ. "ಅಲ್ಲಿ ಕುಳಿತರೆ ಗೋಪುರ ನೋಡಿದ ಹಾಗಾಗುತ್ತದಮ್ಮ. ಇಲ್ಲಿ ಕುಳಿತರೆ ಆಟ ಕಾಣುತ್ತದೆ" ಎಂದರು. ನಾನು ಟೇಪು ಹಿಡಿದು ನೋಡಿದೆ, ಹದಿನೆಂಟು ಅಡಿ. ಅಲ್ಲಿಂದ ಮೇಲಕ್ಕೆ ನೋಡುವ ಕೋನ 9 ಡಿಗ್ರಿಗೆ ಇಳಿಯುತ್ತದೆ. ಯಾರೂ ಹೇಳಿಕೊಡದೆ ಮೇಷ್ಟ್ರು ಸರಿಯಾದ ಉತ್ತರ ಕಂಡುಕೊಂಡಿದ್ದರು. ಸ್ಕೋರ್ ಎಷ್ಟು ಎಂದು ಮಾತ್ರ ಮೊಮ್ಮಗನನ್ನು ಕೇಳಬೇಕಾಗಿತ್ತು, ಆ ದೂರದಿಂದ ಅಕ್ಷರ ಕಾಣದು. ಮಗ ತಂದೆಗಾಗಿಯೇ ದೊಡ್ಡ ಟಿವಿ ತಂದವರು. ಆ ಗೀರುಗಳನ್ನು ತೋರಿಸಿದಾಗ ಅವರಿಗೆ ಮಾತೇ ಹೊರಡಲಿಲ್ಲ.

ಇನ್ನು ನೆಲದ ಮೇಲೆ ಕುಳಿತುಕೊಳ್ಳುವವರ ವಿಷಯ. ಇಲ್ಲಿನ ಯಾವ ಕೈಪಿಡಿಯಲ್ಲೂ ಇದು ಬರುವುದಿಲ್ಲ, ನಮ್ಮ ಮನೆಗಳಲ್ಲಿ ದಿನಾ ನಡೆಯುತ್ತದೆ. ಅಮ್ಮ ಚಾಪೆ ಹಾಸಿಕೊಂಡು, ಮುಂದೆ ಮೊರ ಇಟ್ಟುಕೊಂಡು, ಮೆಂತ್ಯ ಸೊಪ್ಪು ಬಿಡಿಸುತ್ತಾ ಧಾರಾವಾಹಿ ನೋಡುತ್ತಾರೆ. ಅವರ ಕಣ್ಣು ನೆಲದಿಂದ 30 ಇಂಚಿಗೆ ಇರುತ್ತದೆ, ಟಿವಿಯಿಂದ ಎಂಟೇ ಅಡಿ ದೂರದಲ್ಲಿ ಕುಳಿತಿರುತ್ತಾರೆ. ಲೆಕ್ಕ 25 ಡಿಗ್ರಿ ದಾಟುತ್ತದೆ. ಅದೂ ಸೊಪ್ಪಿಗೊಮ್ಮೆ, ಪರದೆಗೊಮ್ಮೆ ತಲೆ ಏರಿಳಿಯಬೇಕು.

ಬಿಸಿಯ ಮಾತಿಗೆ ಬರುತ್ತೇನೆ. ಮಲೆನಾಡಿನಲ್ಲಿ ಬೆಳೆದವಳಾದ್ದರಿಂದ ನನಗೆ ಇದು ವಿಚಿತ್ರವಾಗಿ ಕಾಣುತ್ತದೆ. ನಮ್ಮಲ್ಲಿ ಒಲೆಯ ಮೇಲೆ ಅಟ್ಟ ಇರುತ್ತಿತ್ತು. ಅಲ್ಲಿ ಏನಿಡುತ್ತಿದ್ದರು? ಒಣಗಬೇಕಾದದ್ದನ್ನು. ಕೊಬ್ಬರಿ, ಬೀಜಕ್ಕೆ ಎತ್ತಿಟ್ಟ ಕಾಯಿ, ಮಳೆಗಾಲದಲ್ಲಿ ಹಸಿ ಸೌದೆ. ಬೆಂಕಿಯ ಬಿಸಿ ಮೇಲಕ್ಕೆ ಹೋಗುತ್ತದೆ ಎಂದು ಗೊತ್ತಿದ್ದೇ ಅಟ್ಟವನ್ನು ಅಲ್ಲಿ ಕಟ್ಟಿದ್ದರು. ಹೆಚ್ಚಿನ ಟಿವಿಗಳ ಕೈಪಿಡಿಯಲ್ಲಿ ಬಳಕೆಯ ಗರಿಷ್ಠ ತಾಪಮಾನ 40 ಡಿಗ್ರಿ ಸೆಲ್ಸಿಯಸ್, ಅಂದರೆ ಇಲ್ಲಿನ 104 ಫ್ಯಾರನ್‌ಹೀಟ್ ಎಂದಿರುತ್ತದೆ. ಶಾಖದ ಮೂಲದಿಂದ ದೂರವಿಡಿ ಎಂದೂ ಬರೆದಿರುತ್ತಾರೆ. ಕೈಯಿಟ್ಟು "ಅಷ್ಟೇನೂ ಬಿಸಿ ಇಲ್ಲ" ಎನ್ನಬೇಡಿ. ಒಂದು ತಾಪಮಾಪಕವನ್ನು ಟಿವಿಯ ಕೆಳ ಅಂಚು ಬರುವ ಜಾಗದಲ್ಲಿ ಅಂಟಿಸಿ, ಫೈರ್‌ಪ್ಲೇಸ್ ಹಚ್ಚಿ, ಒಂದು ಗಂಟೆ ಬಿಟ್ಟು ನೋಡಿ. ಕಳೆದ ಚಳಿಗಾಲ ಒಂದು ಮನೆಯಲ್ಲಿ ಅದು 118 ಫ್ಯಾರನ್‌ಹೀಟ್ ತೋರಿಸಿತು. ಮ್ಯಾಂಟಲ್ ಆಳವಾಗಿ ಮುಂದೆ ಚಾಚಿಕೊಂಡಿದ್ದರೆ ಬಿಸಿ ಗಾಳಿ ಪಕ್ಕಕ್ಕೆ ಸರಿದು ಸಂಖ್ಯೆ ಬಹಳ ಇಳಿಯಬಹುದು. ಆದ್ದರಿಂದ ಎಲ್ಲ ಮನೆಗೂ ಒಂದೇ ಮಾತು ಹೇಳಲಾರೆ. ಸೌದೆ ಉರಿಸುವ ಹಳೆಯ ಅಗ್ಗಿಷ್ಟಿಕೆಯಾದರೆ ಮಸಿಯೂ ಸೇರುತ್ತದೆ.

ಮಸಿ ಎಂದಾಗ ನೆನಪಾಯಿತು. ಮ್ಯಾಂಟಲ್ ಮೇಲೆ ಗಣಪತಿಯನ್ನಿಟ್ಟು ಸಂಜೆ ಎಣ್ಣೆದೀಪ ಹಚ್ಚುವ ಮನೆಗಳು ಬಹಳ. ನೋಡಲು ನನಗೂ ಇಷ್ಟ. ಅದರ ನೇರ ಮೇಲೆ ಟಿವಿ ಇದ್ದರೆ ದಯವಿಟ್ಟು ದೀಪವನ್ನು ಬೇರೆ ಕಡೆ ಹಚ್ಚಿ. ಒಂದು ಮನೆಯಲ್ಲಿ ಟಿವಿಯ ಕೆಳ ಅಂಚಿನ ಪ್ಲಾಸ್ಟಿಕ್ ಮೇಲೆ ಹೆಬ್ಬೆರಳಗಲ ಕಾಡಿಗೆ ಹಿಡಿದಿತ್ತು, ಮುಟ್ಟಿದರೆ ಅಲ್ಲಿ ಮೆತ್ತಗಾಗಿತ್ತು.

"ಮನೆ ಕಟ್ಟಿದವರೇ ಮೇಲೆ ಪ್ಲಗ್ ಪಾಯಿಂಟ್ ಕೊಟ್ಟಿದ್ದಾರಲ್ಲ, ಅವರಿಗೆ ಗೊತ್ತಿಲ್ಲವೇ?" ಎಂಬ ಪ್ರಶ್ನೆಯೂ ಪ್ರತಿ ಸಲ ಬರುತ್ತದೆ. ಕೊಟ್ಟಿದ್ದಾರೆ, ಏಕೆಂದರೆ ಕೊಳ್ಳುವವರು ಅದನ್ನು ಕೇಳುತ್ತಾರೆ. ಮಾದರಿ ಮನೆಯಲ್ಲಿ ಫೈರ್‌ಪ್ಲೇಸ್ ಮೇಲೆ ಟಿವಿ ಬಹಳ ಚೆಂದ ಕಾಣುತ್ತದೆ, ಆ ಮನೆಯಲ್ಲಿ ಯಾರೂ ಕುಳಿತು ಟಿವಿ ನೋಡುವುದಿಲ್ಲ. ಪಾಯಿಂಟ್ ಇಲ್ಲದ ಹಳೆಯ ಮನೆಗಳಲ್ಲಿ ಇನ್ನೊಂದು ತಪ್ಪಾಗುತ್ತದೆ: ಟಿವಿಯ ವೈರನ್ನೇ ಗೋಡೆಯೊಳಗೆ ಇಳಿಸಿಬಿಡುವುದು. ಇಲ್ಲಿನ ವಿದ್ಯುತ್ ಸಂಹಿತೆ ಅದಕ್ಕೆ ಒಪ್ಪುವುದಿಲ್ಲ. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಹೊಸ ಪಾಯಿಂಟ್ ಹಾಕಿಸಬೇಕು. ಹಾಗೆಯೇ, ಗೋಡೆಯ ಹಿಂದೆ ಹೊಗೆಕೊಳವೆ ಎಲ್ಲಿದೆ ಎಂದು ತಿಳಿಯದೆ ಡ್ರಿಲ್ ಇಡಬೇಡಿ.

ಹಾಗಾದರೆ ಎಲ್ಲಿ ಹಾಕುವುದು? ನಾನು ಮೊದಲು ಕೇಳುವ ಪ್ರಶ್ನೆ: ವರ್ಷಕ್ಕೆ ಎಷ್ಟು ದಿನ ಬೆಂಕಿ ಹಚ್ಚುತ್ತೀರಿ? ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ರಜೆ, ಹಿಮ ಬಿದ್ದ ನಾಲ್ಕಾರು ಸಂಜೆ ಎನ್ನುತ್ತಾರೆ. ಟಿವಿ? ಪ್ರತಿದಿನ. ಅಂದ ಮೇಲೆ ಕೋಣೆಯ ಒಳ್ಳೆಯ ಜಾಗ ಸಲ್ಲಬೇಕಾದದ್ದು ಟಿವಿಗೆ. ಬೆಂಕಿಯ ಎದುರಿಗೇ ಕುಳಿತಿರಬೇಕೆಂದಿಲ್ಲ, ಪಕ್ಕಕ್ಕಿದ್ದರೂ ಬೆಚ್ಚಗಾಗುತ್ತದೆ, ಕಣ್ಣಂಚಿಗೆ ಕಂಡರೂ ಹಿತವೇ. ಫೈರ್‌ಪ್ಲೇಸಿನ ಪಕ್ಕದ ಗೋಡೆಗೆ 22 ಇಂಚು ಎತ್ತರದ ಉದ್ದನೆಯ ಕಪಾಟಿಟ್ಟು, ಅದರ ಮೇಲೆ 65 ಇಂಚಿನ ಟಿವಿಯನ್ನು ಅದರ ಕಾಲುಗಳ ಮೇಲೆಯೇ ನಿಲ್ಲಿಸಿದರೆ ನಡುಬಿಂದು 41 ಇಂಚಿಗೆ ಬರುತ್ತದೆ. ಕಣ್ಣಿನ ಎತ್ತರ 42 ಎಂದೆನಲ್ಲ. ಎಲ್ ಆಕಾರದ ಸೋಫಾದ ಒಂದು ತೋಳು ಬೆಂಕಿಗೆ, ಇನ್ನೊಂದು ಟಿವಿಗೆ ಮುಖ ಮಾಡಿದರೆ ಎರಡೂ ಕೂಡಿಬರುತ್ತವೆ. ಕಿಟಕಿ ಎದುರಿಗೆ ಬಾರದಂತೆ ನೋಡಿಕೊಳ್ಳಿ. ಮಕ್ಕಳಿರುವ ಮನೆಯಾದರೆ ಟಿವಿ ಮುಂದಕ್ಕೆ ಬೀಳದಂತೆ ಪಟ್ಟಿಯಿಂದ ಗೋಡೆಗೆ ಬಿಗಿಯುವುದನ್ನು ಮರೆಯಬೇಡಿ.

ಇನ್ನಾವ ಗೋಡೆಯೂ ಇಲ್ಲದ ಕೋಣೆಗಳಿವೆ. ಮೂರು ಕಡೆ ಕಿಟಕಿ, ಬಾಗಿಲು, ಮೆಟ್ಟಿಲು. ಅಲ್ಲಿ ಕೆಳಕ್ಕೆ ಎಳೆದುಕೊಳ್ಳುವ ಬ್ರಾಕೆಟ್ ಹಾಕಿಸಬಹುದು. ಇದು ಬಾಗುವ ಬ್ರಾಕೆಟ್ ಅಲ್ಲ, ನಿಜವಾಗಿ ಟಿವಿಯನ್ನು ಮುಂದಕ್ಕೆಳೆದು ಮ್ಯಾಂಟಲ್‌ಗಿಂತ ಕೆಳಗೆ ಇಳಿಸುತ್ತದೆ. ಬೆಲೆ ಹೆಚ್ಚು, ಗೋಡೆಯೊಳಗಿನ ಮರದ ಕಂಬಗಳು (ಸ್ಟಡ್) ಗಟ್ಟಿಯಿರಬೇಕು, ಬೆಂಕಿ ಉರಿಯುವಾಗ ಇಳಿಸಲೇಬಾರದು. ಹಿರಿಯರ ಕೈಗೆ ಅದನ್ನು ಎಳೆಯುವ ಶಕ್ತಿ ಇದೆಯೇ ಎಂದು ಅಂಗಡಿಯಲ್ಲೇ ಅವರಿಂದ ಎಳೆಸಿ ನೋಡಿ. ಹೊಸ ಮನೆಗಳಲ್ಲಿ ಬಾಯಿ ಅಗಲವಾಗಿ, ನೆಲಕ್ಕೆ ಹತ್ತಿರವಾಗಿ ಇರುವ ವಿದ್ಯುತ್ ಫೈರ್‌ಪ್ಲೇಸ್ ಬರುತ್ತಿದೆ. ಬಿಸಿ ಗಾಳಿ ಮುಂಬದಿಯಿಂದ ಹೊರಬೀಳುವ ಬಗೆಯದಾದರೆ ಅದರ ಮೇಲೆ ಟಿವಿ ಹಾಕಲು ನನ್ನ ಆಕ್ಷೇಪವಿಲ್ಲ, ನಡುಬಿಂದು ಕಣ್ಣಿಗೆ ಹತ್ತಿರ ಬರುವುದಾದರೆ. ಹಿಂದಕ್ಕೊರಗುವ ಕುರ್ಚಿಯಲ್ಲೇ ಸದಾ ನೋಡುವವರಿಗೂ ತುಸು ಎತ್ತರ ನಡೆಯುತ್ತದೆ.

ಇಷ್ಟೆಲ್ಲ ಕೇಳಿದ ಮೇಲೂ ಮನಸ್ಸು ಮ್ಯಾಂಟಲ್ ಕಡೆಗೇ ಎಳೆಯುತ್ತಿದ್ದರೆ ಟಿವಿಯ ಪೆಟ್ಟಿಗೆಯ ರಟ್ಟನ್ನು ಪರದೆಯ ಅಳತೆಗೆ ಕತ್ತರಿಸಿ, ಬಣ್ಣದವರು ಬಳಸುವ ನೀಲಿ ಟೇಪಿನಿಂದ ಗೋಡೆಗೆ ಅಂಟಿಸಿ. ಅದರ ನಡುವೆ ಒಂದು ಚುಕ್ಕೆ ಇಡಿ. ರಾತ್ರಿ ಊಟವಾದ ಮೇಲೆ ಸೋಫಾದಲ್ಲಿ ಕುಳಿತು, ಮನೆಯವರೊಂದಿಗೆ ಮಾತಾಡುತ್ತಾ ಅರ್ಧ ಗಂಟೆ ಆ ಚುಕ್ಕೆಯನ್ನೇ ನೋಡಿ. ನಾನು ಹೇಳಿದ ಇಪ್ಪತ್ತು ಮನೆಗಳಲ್ಲಿ ಒಬ್ಬರು ಮಾಡಬಹುದು. ಹಾಗೆ ಮಾಡಿದ ಒಬ್ಬ ತಾಯಿ ಮರುದಿನ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿ, "ಕಪಾಟಿನ ಅಳತೆ ಹೇಳಿ" ಎಂದರು.

ನನ್ನನ್ನು ಕರೆಯುವ ಮುನ್ನ ನಾಲ್ಕು ಅಳತೆ ಬರೆದಿಟ್ಟುಕೊಂಡಿರಿ: ಮ್ಯಾಂಟಲ್ ಎತ್ತರ, ಚಾವಣಿಯ ಎತ್ತರ, ಸೋಫಾದಿಂದ ಗೋಡೆಗೆ ದೂರ, ಕುಳಿತಾಗ ಕಣ್ಣಿನ ಎತ್ತರ. ಕೊನೆಯದನ್ನು ನಿಮ್ಮದಲ್ಲ, ಮನೆಯಲ್ಲಿ ಟಿವಿ ಎದುರು ಹೆಚ್ಚು ಹೊತ್ತು ಇರುವವರದು ತೆಗೆದುಕೊಳ್ಳಿ. ಅಮ್ಮ ಚಾಪೆಯ ಮೇಲೆ ಸೊಪ್ಪು ಬಿಡಿಸುತ್ತಾ ಕುಳಿತಿದ್ದರೆ, ಅವರನ್ನು ಎಬ್ಬಿಸದೆ ಅಲ್ಲೇ ಟೇಪು ಹಿಡಿಯಿರಿ.