ನಾಟಿ ಗದ್ದೆಗೆ ಇಳಿಯುವ ಕೊಕ್ಕುಗಳು

ನಾಲೆಗೆ ನೀರು ಬಿಟ್ಟು ಶ್ರೀರಂಗಪಟ್ಟಣದ ಸುತ್ತ ಗದ್ದೆಗಳು ಕೆಸರಾದವೆಂದರೆ ರೈತರಿಂದ ನನಗೆ ಬರುವ ಪ್ರಶ್ನೆ ಒಂದೇ: ‘ಸಾರ್, ಈ ಹಕ್ಕಿಗಳು ಪೈರು ತಿನ್ನುತ್ತವೆಯೇ?’ ತಿನ್ನುವುದಿಲ್ಲ. ಆಗತಾನೇ ನೆಟ್ಟ ಸಸಿಯನ್ನು ಅಷ್ಟಿಷ್ಟು ತುಳಿಯುತ್ತವೆ, ಆ ದೂರು ನ್ಯಾಯವೇ. ಆದರೆ ಅವು ಹುಡುಕಿಕೊಂಡು ಬರುವುದು ಕೆಸರಿನ ಹುಳುಹುಪ್ಪಟೆಯನ್ನು.

ಉಳುಮೆಯ ದಿನ ಬೆಳ್ಳಕ್ಕಿಗಳಿಗೆ ಹಬ್ಬ. ಟ್ರ್ಯಾಕ್ಟರಿನ ಗಾಲಿ ಮಣ್ಣು ಮಗುಚಿದಂತೆ ಕಪ್ಪೆ, ಎರೆಹುಳು, ಮಿಡತೆ ಮೇಲೆದ್ದು ಬರುತ್ತವೆ. ಹಿಂದೆ ನಡೆದವರಿಗೆ ಊಟ. ಕೊಳಬಕದ ದಾರಿ ಬೇರೆ. ಕತ್ತು ಒಳಗೆಳೆದುಕೊಂಡು ಬದುವಿನ ಮೇಲೆ ಮಣ್ಣಿನ ಹೆಂಟೆಯಂತೆ ಕೂರುತ್ತದೆ. ಹಾರಿದಾಗಲೇ ಬಿಳಿ ರೆಕ್ಕೆ ಕಂಡು ನಾವು ಬೆಚ್ಚುವುದು.

ನನಗೆ ಎಂದೂ ಬೇಸರ ತರಿಸದ ಹಕ್ಕಿ ಬಾಯ್ಕಳಕ. ರಂಗನತಿಟ್ಟಿನಲ್ಲಿ ಗೂಡು ಕಟ್ಟಿ ಈ ಗದ್ದೆಗಳಲ್ಲಿ ಮೇಯುತ್ತದೆ. ಕೊಕ್ಕು ಮುಚ್ಚಿದರೂ ನಡುವೆ ಕಂಡಿ. ಅದು ಅಡಕತ್ತರಿಯಂತೆ ಬಸವನಹುಳುವಿನ ಚಿಪ್ಪು ಒಡೆಯಲು ಎಂದು ಬಹುಕಾಲ ನಂಬಲಾಗಿತ್ತು. ದುರ್ಬೀನು ಹಿಡಿದು ಕುಳಿತರೆ ಬೇರೆಯೇ ಕಾಣುತ್ತದೆ. ಹಕ್ಕಿ ಮುಖವನ್ನು ಅರ್ಧ ನೀರಿಗಿಳಿಸಿ, ತಲೆಯನ್ನು ಬಿರಬಿರನೆ ಅಲುಗಿಸುತ್ತದೆ. ಚೂಪಾದ ಕೆಳಕೊಕ್ಕನ್ನು ಚಿಪ್ಪಿನ ಮುಚ್ಚಳದ ಬದಿಯಿಂದ ತೂರಿಸಿ, ಹುಳುವನ್ನು ಚಿಪ್ಪಿಗೆ ಹಿಡಿದಿಟ್ಟ ಸ್ನಾಯುವನ್ನು ಕತ್ತರಿಸುತ್ತದೆ. ತಲೆ ಎತ್ತಿದಾಗ ಕೊಕ್ಕಿನಲ್ಲಿ ಬರೀ ಮಾಂಸ. ಅದು ಹೋದ ಮೇಲೆ ಮಡಿಗಿಳಿದು ಚಿಪ್ಪು ಹೆಕ್ಕಿ ನೋಡಿ, ಹೆಚ್ಚಿನವು ಒಡೆದೇ ಇರುವುದಿಲ್ಲ. ಅಂದಹಾಗೆ, ಮರಿಗಳ ಕೊಕ್ಕಿನಲ್ಲಿ ಕಂಡಿ ಇರುವುದಿಲ್ಲ, ಬೆಳೆಯುತ್ತ ಮೂಡುತ್ತದೆ.

ಚಳಿಗಾಲದ ಅತಿಥಿಗಳಿಗೆ ಇಷ್ಟು ನೀರು ಆಗದು. ಕಾಲು ಗಿಡ್ಡ. ಹೆಸರಿನಲ್ಲೇ ಗದ್ದೆ ಹೊತ್ತ ಗದ್ದೆಗೊರವ ಬೆರಳು ಮುಳುಗುವಷ್ಟು ನೀರಿನಲ್ಲಿ ಬಾಲ ಕುಣಿಸುತ್ತ ಮೇಲ್ಮೈಯಿಂದಲೇ ಹುಳು ಹೆಕ್ಕುತ್ತದೆ. ಉಲ್ಲಂಕಿ ಮಾತ್ರ ಹೊಲಿಗೆ ಯಂತ್ರದ ಸೂಜಿಯಂತೆ ಕೆಸರಿಗೆ ಕೊಕ್ಕು ಚುಚ್ಚುತ್ತದೆ. ಅದರ ಕೊಕ್ಕಿನ ತುದಿಗೆ ಸ್ಪರ್ಶಜ್ಞಾನವಿದೆ, ಹುಳು ತಗುಲಿದ್ದು ಕಾಣದೆಯೇ ತಿಳಿಯುತ್ತದೆ. ಇನ್ನೂ ಸೋಜಿಗವೆಂದರೆ, ಉಳಿದ ಕೊಕ್ಕು ಮುಚ್ಚಿಕೊಂಡೇ ತುದಿಯನ್ನಷ್ಟೇ ತೆರೆದು ಹಿಡಿಯಬಲ್ಲದು. ಪೂರ್ತಿ ಬಾಯಿ ತೆರೆಯಲು ಆ ಬಿಗಿ ಕೆಸರು ಬಿಟ್ಟರೆ ತಾನೇ?

ಬುಡದಲ್ಲಿ ತೆಂಡೆ, ಅಂದರೆ ಹೊಸ ಕವಲು, ಒಡೆದು ಪೈರು ಕೂಡಿಕೊಂಡರೆ ಇವುಗಳಲ್ಲಿ ಹೆಚ್ಚಿನವು ನಾಲೆ ಅಂಚಿಗೆ, ಇನ್ನೂ ನಾಟಿಯಾಗದ ಮಡಿಗೆ ಸರಿಯುತ್ತವೆ. ತುಳಿತದ ಚಿಂತೆ ಇರುವುದು ಅಲ್ಲಿಯವರೆಗಷ್ಟೇ. ಅಷ್ಟರಲ್ಲಿ ಸಸಿ ಬೇರು ಹಿಡಿದಿರುತ್ತದೆ.