ಸೆಕೆಗಾಲದ ಮದುವೆಗೆ ಅತಿಥಿಯಾಗಿ ಹೊರಟಾಗ ಮೇಕಪ್ ಯಾವುದಿರಲಿ, ಎಷ್ಟಿರಲಿ?

ಪ್ರಶ್ನೆ: ಮೇ ತಿಂಗಳಲ್ಲಿ ಉಡುಪಿಯಲ್ಲಿ ನನ್ನ ಸಹಪಾಠಿಯ ಮದುವೆಯಿದೆ. ಬೆಳಿಗ್ಗೆ ಮುಹೂರ್ತ, ಮಧ್ಯಾಹ್ನ ಊಟ, ಅದೇ ದಿನ ಸಂಜೆ ಮಂಗಳೂರಿನಲ್ಲಿ ಆರತಕ್ಷತೆ. ಉಡುಪಿಯ ಸಭಾಭವನದಲ್ಲಿ ಎ.ಸಿ. ಇಲ್ಲವಂತೆ. ನನ್ನದು ಗೋಧಿ ಬಣ್ಣದ, ಎಣ್ಣೆಯಂಶ ಹೆಚ್ಚಿರುವ ಚರ್ಮ. ಹಿಂದಿನ ಮದುವೆಯೊಂದರಲ್ಲಿ ಊಟದ ಪಂಕ್ತಿಗೆ ಕೂರುವಷ್ಟರಲ್ಲಿ ಮುಖದ ಮೇಕಪ್ ಎಲ್ಲ ಕರಗಿ ಇಳಿದಿತ್ತು. ಈ ಬಾರಿ ಏನನ್ನು ಆರಿಸಿಕೊಳ್ಳಲಿ?

ಉತ್ತರ: ಸೀರೆಯ ಬಣ್ಣಕ್ಕೆ ಯಾವುದು ಹೊಂದುತ್ತದೆ ಎಂಬ ಯೋಚನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಮೊದಲು ಬೆವರಿನ ಲೆಕ್ಕ ಹಾಕಿ. ಮೇ ತಿಂಗಳಿನಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದರೆ, ನಮ್ಮ ಕರಾವಳಿಯಲ್ಲಿ ಅದು ಸಾಮಾನ್ಯವಾಗಿ 33–34 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆದರೂ ಮೇಕಪ್‌ಗೆ ಕಷ್ಟ ಹೆಚ್ಚಿರುವುದು ಇಲ್ಲಿಯೇ, ಏಕೆಂದರೆ ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಮೈಮೇಲಿನ ಬೆವರು ಆವಿಯಾಗಿ ಹೋಗದೆ ಅಲ್ಲಿಯೇ ನಿಲ್ಲುತ್ತದೆ. ಹಾಗೆ ನಿಂತ ಬೆವರು ಚರ್ಮದ ಎಣ್ಣೆಯೊಡನೆ ಸೇರಿ, ಮುಖದ ಬಣ್ಣ ಒಂದೇ ಸಮನಾಗಿ ಕಾಣಲೆಂದು ಹಚ್ಚುವ ಫೌಂಡೇಶನ್ನಿನ ಅಡಿಗೆ ನುಸುಳಿ ಅದನ್ನು ಮೇಲಕ್ಕೆ ಎಬ್ಬಿಸುತ್ತದೆ. ಪದರ ದಪ್ಪವಾದಷ್ಟೂ ಅದು ಬಿರುಕುಬಿಟ್ಟು ಜಾರುವುದು ಹೆಚ್ಚು. ನಿಮ್ಮ ಮೇಕಪ್ ಇಳಿದುಹೋದದ್ದು ಬಹುಶಃ ಕಡಿಮೆ ಹಚ್ಚಿದ್ದರಿಂದಲ್ಲ, ಹೆಚ್ಚು ಹಚ್ಚಿದ್ದರಿಂದಲೇ ಇರಬೇಕು.

ಆದ್ದರಿಂದ ಬೆಳಗಿನ ಮುಹೂರ್ತಕ್ಕೆ ಇಡೀ ಮುಖಕ್ಕೆ ಫೌಂಡೇಶನ್ ಬೇಡವೆಂದೇ ನನ್ನ ಸಲಹೆ. ಕಣ್ಣಿನ ಕೆಳಗಿನ ಕಪ್ಪು, ಮೂಗಿನ ಬದಿಯ ಕೆಂಪು, ಹಳೆಯ ಮೊಡವೆಯ ಕಲೆ, ಇಷ್ಟಕ್ಕೆ ಮಾತ್ರ ಕನ್ಸೀಲರನ್ನು ಬೆರಳ ತುದಿಯಿಂದ ಒತ್ತಿ ಒತ್ತಿ ಕೂರಿಸಿದರೆ ಸಾಕು. ಉಳಿದ ಚರ್ಮ ಚರ್ಮವಾಗಿಯೇ ಕಾಣಲಿ. ಫೌಂಡೇಶನ್ ಬೇಕೇ ಬೇಕೆಂದಾದರೆ ಎಣ್ಣೆರಹಿತವೆಂದು ನಮೂದಿಸಿರುವ, ತೆಳುವಾದ, ಹೊಳಪಿಲ್ಲದ ಮ್ಯಾಟ್ ಬಗೆಯದನ್ನು ಆರಿಸಿ. ಫೌಂಡೇಶನ್ನಿಗೆ ಮೊದಲು ತಳಪದರವಾಗಿ ಪ್ರೈಮರ್ ಹಚ್ಚುವವರು ಡಬ್ಬಿಯ ಮೇಲಿನ ಘಟಕಗಳ ಪಟ್ಟಿಯನ್ನು ಒಮ್ಮೆ ಓದಬೇಕು. ಡೈಮೆಥಿಕೋನ್ ಮೊದಲಾದ ಸಿಲಿಕೋನ್‌ಗಳು ಮೇಲ್ಸಾಲಿನಲ್ಲಿರುವ ಪ್ರೈಮರಿನ ಮೇಲೆ ಕೇವಲ ನೀರಿನ ಆಧಾರದ ಫೌಂಡೇಶನ್ ಹಚ್ಚಿದರೆ ಅದು ಹಲವು ಬಾರಿ ಸರಿಯಾಗಿ ಹಿಡಿಯದೆ ಸಣ್ಣ ಸಣ್ಣ ಉಂಡೆಯಾಗಿ ಸುರುಟಿಕೊಳ್ಳುತ್ತದೆ. ಎರಡೂ ಒಂದೇ ಬಗೆಯವಾಗಿದ್ದರೆ ಆ ತೊಂದರೆ ಕಡಿಮೆ.

ಬಣ್ಣದ ಆಯ್ಕೆಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ಚರ್ಮಕ್ಕಿಂತ ಒಂದೆರಡು ಛಾಯೆ ಬಿಳಿಯದನ್ನು ಕೊಳ್ಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ, ಅಂಗಡಿಯವರೂ ಎಷ್ಟೋ ಬಾರಿ ಅದನ್ನೇ ಮುಂದಿಡುತ್ತಾರೆ. ಗೋಧಿ ಬಣ್ಣದ, ಕಂದು ಬಣ್ಣದ ಚರ್ಮದ ಮೇಲೆ ಅಂಥ ಛಾಯೆ ಬೂದಿ ಬಳಿದಂತೆ ಕಾಣುತ್ತದೆ ಮತ್ತು ಕುತ್ತಿಗೆಯ ಹತ್ತಿರ ಗೆರೆ ಎದ್ದು ತೋರುತ್ತದೆ. ಆ ಗೆರೆ ಮುಚ್ಚಲು ಕುತ್ತಿಗೆಗೂ ಹಚ್ಚಿದರೆ ಅದು ಬೆವರಿನೊಂದಿಗೆ ಇಳಿದು ರವಿಕೆಯ ಅಂಚಿಗೆ ಅಂಟುತ್ತದೆ. ರೇಷ್ಮೆಗೆ ಹಿಡಿದ ಕಲೆ ಸುಲಭಕ್ಕೆ ಹೋಗುವುದಿಲ್ಲ. ಅಂಗಡಿಯ ದೀಪದಲ್ಲಿ ಮುಂಗೈಗೆ ಹಚ್ಚಿ ನೋಡಿ ತೀರ್ಮಾನಿಸಬೇಡಿ. ದವಡೆಯ ಅಂಚಿಗೆ ಒಂದು ಗೆರೆ ಎಳೆದು, ಹೊರಗೆ ಬಂದು, ಹತ್ತು ಹದಿನೈದು ನಿಮಿಷ ಬಿಟ್ಟು ಹಗಲು ಬೆಳಕಿನಲ್ಲಿ ನೋಡಿ. ಕೆಲವು ಫೌಂಡೇಶನ್‌ಗಳು ಗಾಳಿಗೆ, ಚರ್ಮದ ಎಣ್ಣೆಗೆ ಸೋಕಿ ಒಂದು ಛಾಯೆ ಕಪ್ಪಾಗುವುದು ಆಗಲೇ ಗೊತ್ತಾಗುವುದು. ಗೆರೆ ಎಲ್ಲಿದೆಯೆಂದು ಹುಡುಕಬೇಕಾದರೆ ಅದು ನಿಮ್ಮ ಬಣ್ಣ.

ಮದುವೆಯ ದಿನ ಸ್ನಾನ ಮುಗಿದ ಕೂಡಲೇ ಕನ್ನಡಿಯ ಮುಂದೆ ಕೂರಬೇಡಿ. ಬಿಸಿನೀರಿನ ಸ್ನಾನದ ನಂತರ ಮೈ ಇನ್ನೂ ಬೆವರುತ್ತಲೇ ಇರುತ್ತದೆ. ಫ್ಯಾನಿನ ಕೆಳಗೆ ಕಾಲು ಗಂಟೆ ಕುಳಿತು ಮೈ ತಣಿದ ಮೇಲೆ ಸನ್‌ಸ್ಕ್ರೀನ್ ಹಚ್ಚಿ, ಅದು ಪೂರ್ತಿ ಹಿಡಿದ ಬಳಿಕ ಉಳಿದದ್ದಕ್ಕೆ ಕೈ ಹಾಕಿ. ಪೌಡರನ್ನು ಮುಖವಿಡೀ ಬಳಿಯದೆ ಹಣೆ, ಮೂಗಿನ ಇಕ್ಕೆಲ, ಮೇಲ್ದುಟಿಯ ಮೇಲ್ಭಾಗ, ಗಲ್ಲ, ಇಷ್ಟು ಜಾಗಕ್ಕೆ ಪಫ್‌ನಿಂದ ಒತ್ತಿ. ಸಭಾಭವನದ ಬಾಗಿಲಲ್ಲಿ ಪನ್ನೀರು ಚಿಮುಕಿಸಿ ಬರಮಾಡಿಕೊಳ್ಳುವ ಕ್ರಮ ನಮ್ಮಲ್ಲಿರುವುದರಿಂದ ದಪ್ಪ ಪೌಡರಿನ ಮೇಲೆ ಆ ಹನಿಗಳು ಬಿದ್ದು ಮಾಡುವ ಮಚ್ಚೆ ಮಚ್ಚೆ ಗುರುತುಗಳನ್ನು ನೀವೂ ನೋಡಿರಬಹುದು. ಹನಿ ಬಿದ್ದಾಗ ಒರೆಸದೆ, ಟಿಶ್ಯೂ ಅಥವಾ ಮೆತ್ತನೆಯ ಹತ್ತಿಯ ಕರವಸ್ತ್ರವನ್ನು ಅದರ ಮೇಲೆ ಇಟ್ಟು ತೆಗೆಯಿರಿ. ಬೆವರಿಗೂ ಇದೇ ಕ್ರಮ. ಮೊದಲು ಬೆವರನ್ನು ಹೀರಿ ತೆಗೆದು ಆಮೇಲೆ ಕಾಂಪ್ಯಾಕ್ಟ್ ಮುಟ್ಟಿಸಬೇಕು. ಬೆವರಿನ ಮೇಲೆಯೇ ಪೌಡರ್ ಹಾಕಿದರೆ ಅದು ಹಿಟ್ಟು ಕಲಸಿದಂತಾಗಿ ಪದರ ಪದರವಾಗಿ ಏಳುತ್ತದೆ.

ಕಣ್ಣಿಗೆ ಬೆಳಗಿನ ಹೊತ್ತು ಮೇಲಿನ ರೆಪ್ಪೆಯ ಅಂಚಿಗೆ ವಾಟರ್‌ಪ್ರೂಫ್ ಜೆಲ್ ಪೆನ್ಸಿಲಿನ ಒಂದು ಗೆರೆ ಸಾಕು. ಕೆಳಗಿನ ಅಂಚಿನ ಕಾಡಿಗೆ ಸೆಕೆಯಲ್ಲಿ ಇಳಿದೇ ಇಳಿಯುತ್ತದೆ. ಅದಿಲ್ಲದೆ ಮನಸ್ಸು ಒಪ್ಪದವರು ಕಣ್ಣಿನ ಕೆಳಭಾಗಕ್ಕೆ ಮೊದಲೇ ಸ್ವಲ್ಪ ಪೌಡರ್ ಒತ್ತಿಕೊಂಡರೆ ಹರಡುವುದು ತಡವಾಗುತ್ತದೆ.

ತುಟಿಯ ವಿಷಯದಲ್ಲಿ ನೆನಪಿಡಬೇಕಾದದ್ದು ಬಾಳೆ ಎಲೆಯ ಊಟ. ಅಂಟದ, ಅಳಿಯದ ಲಿಕ್ವಿಡ್ ಮ್ಯಾಟ್ ಲಿಪ್‌ಸ್ಟಿಕ್ ಹಚ್ಚಿದಾಗ ಅದರಲ್ಲಿರುವ ಬೇಗನೆ ಆವಿಯಾಗುವ ದ್ರವ ಹಾರಿಹೋಗಿ ಬಣ್ಣದ ತೆಳು ಪೊರೆ ತುಟಿಗೆ ಅಂಟಿಕೊಳ್ಳುತ್ತದೆ. ಆ ಪೊರೆ ನೀರಿಗೆ ಜಗ್ಗದಿದ್ದರೂ ಎಣ್ಣೆಗೆ ಸೋಲುತ್ತದೆ. ಅನ್ನದ ಮೇಲಿನ ತುಪ್ಪ, ಹೋಳಿಗೆ, ಪಾಯಸ ಎಲ್ಲ ಮುಗಿಯುವಷ್ಟರಲ್ಲಿ ತುಟಿಯ ಒಳ ಅಂಚಿನ ಬಣ್ಣ ಹೋಗಿ ಹೊರ ಅಂಚಿನ ಗೆರೆ ಮಾತ್ರ ಉಳಿಯುವುದು ಇದರಿಂದಲೇ. ಗಾಢ ಬಣ್ಣದಲ್ಲಿ ಇದು ತುಂಬಾ ಎದ್ದು ಕಾಣುತ್ತದೆ. ಬೆಳಿಗ್ಗೆಗೆ ನಿಮ್ಮ ತುಟಿಯ ಸ್ವಂತ ಬಣ್ಣಕ್ಕೆ ಹತ್ತಿರವಾದ, ಕಂದು ಮಿಶ್ರಿತ ಗುಲಾಬಿಯೋ ಇಟ್ಟಿಗೆ ಬಣ್ಣವೋ ಆದ ಸಾಧಾರಣ ಕಡ್ಡಿ ಲಿಪ್‌ಸ್ಟಿಕ್ ಒಳ್ಳೆಯದು. ಅದು ಮಾಸಿದರೂ ಒಂದೇ ಸಮನೆ ಮಾಸುತ್ತದೆ, ಕೈ ತೊಳೆದು ಬಂದು ಕನ್ನಡಿ ಇಲ್ಲದೆಯೂ ಮತ್ತೆ ಹಚ್ಚಿಕೊಳ್ಳಬಹುದು. ಅದನ್ನೇ ಚಿಟಿಕೆಯಷ್ಟು ಕೆನ್ನೆಗೆ ತಟ್ಟಿದರೆ ಬೇರೆ ಬ್ಲಶ್ ಬೇಕಾಗುವುದಿಲ್ಲ.

ಬೊಟ್ಟಿನ ಬಗ್ಗೆಯೂ ಎಚ್ಚರ ಬೇಕು. ಕೆಲವು ಸ್ಟಿಕ್ಕರ್ ಬೊಟ್ಟುಗಳ ಅಂಟಿನಲ್ಲಿ ಪ್ಯಾರಾ ಟರ್ಷರಿ ಬ್ಯೂಟೈಲ್ ಫೀನಾಲ್ ಎಂಬ ರಾಸಾಯನಿಕ ಇರುತ್ತದೆ. ಕೆಲವರಿಗೆ ಇದರಿಂದ ಮೊದಲು ತುರಿಕೆ, ಮುಂದೆ ಅದೇ ಜಾಗದಲ್ಲಿ ಬಿಳಿ ಮಚ್ಚೆ ಬರುವುದುಂಟು. ತುರಿಕೆ ಕಂಡರೆ ಆ ಬೊಟ್ಟನ್ನು ಬಿಟ್ಟು ಚರ್ಮವೈದ್ಯರಿಗೆ ತೋರಿಸಬೇಕು. ಮದುವೆ ಮುಗಿಯಲಿ ಎಂದು ಮುಂದೂಡುವ ವಿಷಯವಲ್ಲ ಅದು. ಯಾವುದೇ ಹೊಸ ಸಾಮಗ್ರಿಯನ್ನು ಒಂದು ವಾರ ಮೊದಲೇ ಕೊಂಡು ಮೊಣಕೈಯ ಒಳಮಗ್ಗುಲಿಗೋ ಕಿವಿಯ ಹಿಂದಕ್ಕೋ ಸ್ವಲ್ಪ ಹಚ್ಚಿ ಎರಡು ದಿನ ನೋಡುವುದು ಕ್ಷೇಮ. ಆ ವಾರದಲ್ಲೇ ಒಂದು ಸಂಜೆ ಪೂರ್ತಿ ಮೇಕಪ್ ಮಾಡಿ, ಮೊಬೈಲಿನ ಫ್ಲ್ಯಾಶ್ ಹಾಕಿ ಒಂದು ಚಿತ್ರ ತೆಗೆದು ನೋಡಿ. ಜಿಂಕ್ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನ್‌ಗಳು ಮತ್ತು ಸಿಲಿಕಾ ಹೆಚ್ಚಿರುವ ಬಿಳಿ ಪೌಡರ್‌ಗಳು ಫ್ಲ್ಯಾಶಿನ ಬೆಳಕನ್ನು ಹಿಂದಕ್ಕೆ ಎಸೆಯುವುದರಿಂದ, ಕನ್ನಡಿಯಲ್ಲಿ ಚೆನ್ನಾಗಿದ್ದ ಮುಖ ಚಿತ್ರದಲ್ಲಿ ಬಿಳಿಚಿಕೊಂಡು ಬರುತ್ತದೆ.

ಇನ್ನು ಸಂಜೆಯ ಆರತಕ್ಷತೆ. ಉಡುಪಿಯಿಂದ ಮಂಗಳೂರಿಗೆ ಹೆಚ್ಚುಕಡಿಮೆ 60 ಕಿಲೋಮೀಟರ್ ದಾರಿ. ಬೆಳಗಿನ ಮೇಕಪ್ ಹೊತ್ತುಕೊಂಡೇ ಪ್ರಯಾಣ ಮಾಡಿ ಅದರ ಮೇಲೆ ಇನ್ನೊಂದು ಪದರ ಹಾಕುವುದರಿಂದಲೇ ಸಂಜೆಯ ಮುಖ ಕೆಡುವುದು. ಊಟದ ನಂತರ ಮುಖ ತೊಳೆದು, ಬರೀ ಸನ್‌ಸ್ಕ್ರೀನ್ ಹಚ್ಚಿ ಹೊರಡಿ. ಮಂಗಳೂರು ತಲುಪಿ, ಮೈ ತಣಿಸಿಕೊಂಡು ಹೊಸದಾಗಿ ಆರಂಭಿಸಿ. ವೇದಿಕೆಯ ದೀಪ, ವಿಡಿಯೋದವರ ಲೈಟು ಮುಖದ ಬಣ್ಣವನ್ನು ಪೇಲವವಾಗಿಸುವುದರಿಂದ ಸಂಜೆಗೆ ತೆಳು ಫೌಂಡೇಶನ್, ಮಸ್ಕರಾ, ಗಾಢ ಕೆಂಪೋ ದ್ರಾಕ್ಷಿ ಬಣ್ಣವೋ ಆದ ಲಿಪ್‌ಸ್ಟಿಕ್ ಚೆನ್ನಾಗಿ ಒಪ್ಪುತ್ತವೆ. ಹೊಳೆಯುವ ಐಶ್ಯಾಡೋ ಬೇಕಿದ್ದರೆ ಅದಕ್ಕೂ ಇದೇ ಹೊತ್ತು. ಕಣ್ಣು ತುಟಿ ಎರಡನ್ನೂ ಗಾಢವಾಗಿಸುವುದನ್ನು ಮದುಮಗಳಿಗೆ ಬಿಟ್ಟುಕೊಡುವುದು ಸೌಜನ್ಯ.

ರಾತ್ರಿ ಮನೆಗೆ ಬಂದಾಗ ಎಷ್ಟೇ ದಣಿವಾಗಿದ್ದರೂ ಹಾಗೆಯೇ ಮಲಗಬೇಡಿ. ವಾಟರ್‌ಪ್ರೂಫ್ ಸಾಮಗ್ರಿ ಬರೀ ಸಾಬೂನಿಗೆ ಹೋಗುವುದಿಲ್ಲ, ಉಜ್ಜಿದರೆ ರೆಪ್ಪೆಯ ಕೂದಲು ಉದುರುತ್ತದೆ. ಹತ್ತಿಯ ಮೇಲೆ ಕ್ಲೆನ್ಸಿಂಗ್ ಆಯಿಲ್ ಹಾಕಿ ಮುಚ್ಚಿದ ಕಣ್ಣಿನ ಮೇಲೆ ಅರ್ಧ ನಿಮಿಷ ಇಟ್ಟರೆ ಎಲ್ಲವೂ ತಾನಾಗಿ ಬಿಡುತ್ತದೆ. ಮನೆಯ ತೆಂಗಿನೆಣ್ಣೆಯೂ ಇದೇ ಕೆಲಸ ಮಾಡುತ್ತದೆಯಾದರೂ ನಿಮ್ಮಂಥ ಎಣ್ಣೆ ಚರ್ಮದ ರಂಧ್ರಗಳನ್ನು ಅದು ಮುಚ್ಚುವ ಸಾಧ್ಯತೆ ಇರುವುದರಿಂದ ಕಣ್ಣಿಗೆ ಮಾತ್ರ ಬಳಸಿ, ಬಳಿಕ ಫೇಸ್‌ವಾಶ್‌ನಿಂದ ಮುಖ ತೊಳೆಯಿರಿ.